ಮಗುವಿನ ಹಿಮಗಾಡಿ

ಎಪ್ಪತ್ತರ ದಶಕದ ಆರಂಭದಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ತಯಾರಾದ ‘ಕಿಟ್ಟಿ ಕ್ಯಾಟ್’ ಮಕ್ಕಳಿಗೆಂದೇ ಮಾಡಿದ ಹಿಮಗಾಡಿ. ಮುಂದೆ ಎರಡು ಸ್ಕೀ, ಹಿಂದೆ ಸುತ್ತುವ ರಬ್ಬರ್ ಪಟ್ಟಿ, ಹಗ್ಗ ಎಳೆದು ಚಾಲೂ ಮಾಡುವ ಪುಟ್ಟ ಟೂ-ಸ್ಟ್ರೋಕ್ ಎಂಜಿನ್.

ಓಡಿಸುವುದು ಮಗು; ಕೊರೆಯುವ ಬೆಳಗ್ಗೆ ಗಾಡಿಯನ್ನು ಎಬ್ಬಿಸುವುದು ಮಾತ್ರ ದೊಡ್ಡವರ ಕೆಲಸ. ಚಳಿಗೆ ಪೆಟ್ರೋಲ್ ಸುಲಭವಾಗಿ ಆವಿಯಾಗದು, ಹಾಗಾಗಿ ಚೋಕ್ ಎಳೆಯಬೇಕು. ತಣ್ಣನೆಯ ಗಾಳಿ ದಟ್ಟ. ಕಾರ್ಬುರೇಟರಿನ ಜೆಟ್ ಅದಕ್ಕೆ ತಕ್ಕಂತಿರದಿದ್ದರೆ ಪೆಟ್ರೋಲ್ ಸಾಲದೆ ಪಿಸ್ಟನ್ ಸುಡುತ್ತದೆ. ಟ್ಯಾಂಕಿಗೆ ಸೇರಿದ ನೀರು ಹೆಪ್ಪುಗಟ್ಟಿ ಕೊಳವೆ ಕಟ್ಟುತ್ತದೆ. ಒದ್ದೆ ಹಿಮದಲ್ಲಿ ರಾತ್ರಿ ನಿಲ್ಲಿಸಿದರೆ ಪಟ್ಟಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಹಿಂಭಾಗ ಎತ್ತಿ ಬಿಡಿಸಿಯೇ ಹೊರಡಬೇಕು.

ಒಂದು ಆಟದ ಗಾಡಿಗೆ ಇಷ್ಟೆಲ್ಲ ಪಾಡೇ ಎನಿಸಬಹುದು. ಆದರೆ ಇದರ ಹಿರಿಯ ಪೀಳಿಗೆ ಹುಟ್ಟಿದ್ದು ಆಟಕ್ಕಲ್ಲ. ಹಿಮಗಾಡಿಯನ್ನು ರೂಪಿಸಿದವರು ಹಲವರು. ಅವರಲ್ಲೊಬ್ಬರು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಊರಿನ ಮೆಕ್ಯಾನಿಕ್ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ. 1922ರಲ್ಲಿ, ಹದಿನೈದರ ವಯಸ್ಸಿನಲ್ಲೇ, ಪ್ರೊಪೆಲ್ಲರ್ ಕಟ್ಟಿದ ಜಾರುಗಾಡಿ ಓಡಿಸಿದ್ದರು; ಅಪಾಯವೆಂದು ಅಪ್ಪ ಅದನ್ನು ಬಿಚ್ಚಿಹಾಕಿಸಿದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗ ಈವೋನನಿಗೆ ಹೊಟ್ಟೆಯೊಳಗೆ ಸೋಂಕು ಹರಡಿತು. ಆಸ್ಪತ್ರೆಯ ದಾರಿಯನ್ನು ಹಿಮ ಮುಚ್ಚಿತ್ತು. ಕಾರ್ಯಾಗಾರದಲ್ಲಿದ್ದ ಹಿಮಗಾಡಿ ಇನ್ನೂ ಅರ್ಧವಾಗಿತ್ತು. ಮಗು ಉಳಿಯಲಿಲ್ಲ.

1937ರಲ್ಲಿ ಬೊಂಬಾರ್ಡಿಯೆ ಅವರ ಹಲ್ಲುಚಕ್ರ ಮತ್ತು ಪಟ್ಟಿಯ ವ್ಯವಸ್ಥೆಗೆ ಪೇಟೆಂಟ್ ಸಿಕ್ಕಿತು. ಏಳು ಜನ ಕೂರುವ ಅವರ ‘ಬಿ7’ ಗಾಡಿ ಹಿಮದ ಮೇಲೆ ಓಡಾಡತೊಡಗಿತು. ‘ಸ್ಕೀ-ಡೂ’ ಬಂದದ್ದು 1959ರಲ್ಲಿ. ಆಮೇಲೆ ಹಿಮಗಾಡಿ ಮೋಜಿನ ವಾಹನವಾಯಿತು, ಕೊನೆಗೆ ಮಕ್ಕಳ ಅಳತೆಗೂ ಇಳಿಯಿತು.

1959ರಿಂದ ಶುರುಮಾಡಿದರೆ ಇದು ಮೋಜಿನ ಚರಿತ್ರೆ. 1934ರಿಂದ ಓದಿದರೆ, ಅಂಗಳದಲ್ಲಿ ಮತ್ತೆ ಮತ್ತೆ ಹಗ್ಗ ಎಳೆಯುವ ಅಪ್ಪನ ಹಿಂದೆ, ಗಾಡಿ ಸಿದ್ಧವಾಗುವ ಮೊದಲೇ ಮಗನನ್ನು ಕಳೆದುಕೊಂಡ ಇನ್ನೊಬ್ಬ ಅಪ್ಪನೂ ಕಾಣುತ್ತಾನೆ.