ಕೊನೆಯ ಬೆಂಚಿನ ಚರಿತ್ರೆ

ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ನಮ್ಮ ಭಾಷೆಯಲ್ಲಿ ಹೆಸರುಗಳಿಗೆ ಬರವಿಲ್ಲ. ದಡ್ಡ, ಪೆದ್ದ, ಹೆಡ್ಡ, ಮೊದ್ದು, ಮಂದಮತಿ. ಆದರೆ ಆ ಮಗು ಏಕೆ ಹಿಂದುಳಿಯಿತು ಎಂಬುದನ್ನು ಸೂಚಿಸುವ ಪದ ಮಾತ್ರ ಬಹುಕಾಲ ನಮ್ಮಲ್ಲಿರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಂದೆತಾಯಂದಿರಾಗಿದ್ದಾರೆ. ದುಬೈಯಿಂದಲೋ ಬೆಂಗಳೂರಿನಿಂದಲೋ ಹೆಬಳೆಯ ಈ ಮನೆಗೆ ದೂರವಾಣಿ ಮಾಡಿ, "ಸರ್, ಮಗ ಎಲ್ಲವನ್ನೂ ಬಾಯಲ್ಲಿ ಹೇಳುತ್ತಾನೆ, ಬರೆಯಲು ಕೂರಿಸಿದರೆ ಅಳುತ್ತಾನೆ, ಏನು ಮಾಡಲಿ?" ಎಂದು ಕೇಳುತ್ತಾರೆ. ಉತ್ತರ ಹೇಳುವ ಮುನ್ನ ಇತಿಹಾಸ ಹೇಳುವುದು ಸಮಾಜ ವಿಜ್ಞಾನದ ಮಾಸ್ತರನ ಚಾಳಿ. ಸಹಿಸಿಕೊಳ್ಳಬೇಕು.

ನಮ್ಮ ಅಜ್ಜಂದಿರ ಕಾಲದ ಐಗಳ ಮಠವನ್ನು ನೆನೆದರೆ ಎಲ್ಲರಿಗೂ ಮೊದಲು ಹೊಳೆಯುವುದು ಶಿಕ್ಷೆಯೇ. ಮರಳಿನ ಮೇಲೆ ಬೆರಳು ಸವೆಯುವಂತೆ ತಿದ್ದಿಸುವುದು, ತಪ್ಪಿದರೆ ಬೆತ್ತ, ಮೀರಿದರೆ ಹಗ್ಗಕ್ಕೆ ಜೋತುಬೀಳಿಸುವ ಕೋದಂಡ. ಅದನ್ನು ಹೊಗಳುವ ಉದ್ದೇಶ ನನಗಿಲ್ಲ. ಆದರೆ ಅಲ್ಲಿ ಇಂದಿನ ಅರ್ಥದ ತರಗತಿ ಎಂಬುದು ಇರಲಿಲ್ಲ. ಒಬ್ಬ ಹುಡುಗ ಕಾಗುಣಿತದಲ್ಲಿದ್ದರೆ ಅವನ ಪಕ್ಕದವನು ಮಗ್ಗಿಯಲ್ಲಿ ಇರಬಹುದಾಗಿತ್ತು. ಪ್ರತಿಯೊಬ್ಬನೂ ತನ್ನ ಪಾಠ ಒಪ್ಪಿಸಿ ಮುಂದಕ್ಕೆ ಹೋಗುತ್ತಿದ್ದ. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಮುಂಬಯಿ ಸರಕಾರದ ಶಾಲೆಗಳೊಂದಿಗೆ ನಮ್ಮ ಊರುಗಳಿಗೆ 'ಇಯತ್ತೆ' ಬಂತು, ಇನ್‌ಸ್ಪೆಕ್ಟರರ ವಾರ್ಷಿಕ ತಪಾಸಣೆ ಬಂತು, ಕೊನೆಗೆ ಮುಲ್ಕಿ ಪರೀಕ್ಷೆ ಬಂತು. ಒಂದೇ ವಯಸ್ಸಿನ ಮಕ್ಕಳು, ಒಂದೇ ಪುಸ್ತಕ, ಒಂದೇ ದಿನ. ನನ್ನ ಅಭಿಪ್ರಾಯದಲ್ಲಿ 'ಹಿಂದುಳಿದ ಹುಡುಗ' ನಿಜವಾಗಿ ಹುಟ್ಟಿದ್ದು ಆಗ. ಸಾಲು ಇಲ್ಲದಿದ್ದರೆ ಸಾಲಿನ ಕೊನೆಯವನಾದರೂ ಯಾರು?

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಒಬ್ಬ ಹುಡುಗನ ವಿಷಯವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹುಡುಗ ಚುರುಕು, ಲೆಕ್ಕದಲ್ಲಿ ಜಾಣ, ಕಣ್ಣಿಗೆ ದೋಷವಿಲ್ಲ, ಆದರೂ ಓದಲಾರ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇವನೇ ಶಾಲೆಯಲ್ಲಿ ಮೊದಲಿಗನಾಗುತ್ತಿದ್ದನೆಂದು ಅವನ ಮಾಸ್ತರರು ಹೇಳಿದ್ದರಂತೆ. ಆ ಅಜ್ಞಾತ ಮಾಸ್ತರರ ಬಗ್ಗೆ ನನಗೆ ವಿಶೇಷ ಗೌರವವಿದೆ. ವೈದ್ಯರಿಗಿಂತ ಮೊದಲೇ ಅವರು ಹುಡುಗನನ್ನು ಸರಿಯಾಗಿ ಕಂಡಿದ್ದರು.

ಕೆಲವೇ ವರ್ಷಗಳ ಬಳಿಕ, 1905ರಲ್ಲಿ, ಪ್ಯಾರಿಸ್ಸಿನಲ್ಲಿ ಆಲ್‌ಫ್ರೆಡ್ ಬಿನೆ ಮತ್ತು ಸಿಮೋನ್ ಅವರ ಬುದ್ಧಿಶಕ್ತಿ ಪರೀಕ್ಷೆ ಸಿದ್ಧವಾಯಿತು. ಸಾಮಾನ್ಯ ಪಾಠ ಸಾಲದ, ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಷ್ಟೇ ಅದರ ಉದ್ದೇಶವಾಗಿತ್ತು. ಅದು ಕನ್ನಡಕ್ಕೆ ಬಂದ ಕಥೆ ನಮ್ಮವರಿಗೆ ಹೆಚ್ಚು ತಿಳಿದಿಲ್ಲ. ವಿ. ವಿ. ಕಾಮತರು ಬಿನೆಯವರ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸಿ, ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ತಮ್ಮ ಗ್ರಂಥವನ್ನು 1940ರಲ್ಲಿ ಪ್ರಕಟಿಸಿದರು. 'ಮುಂಬಯಿ-ಕರ್ನಾಟಕ' ಪರಿಷ್ಕರಣವೆಂದೇ ಅದು ಹೆಸರಾಯಿತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಮುಂದೆ ದಶಕಗಳ ಕಾಲ ದೇಶದ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿತ್ತು. ಬುದ್ಧಿಗೆ ಅಂಕ ಕೊಡುವ ಪದ್ಧತಿಯ ಬಗ್ಗೆ ನನಗೆ ಅನುಮಾನಗಳಿವೆ. ಆದರೂ ಒಂದು ಉಪಕಾರವನ್ನು ಒಪ್ಪಲೇಬೇಕು. ಓದುಬರಹದಲ್ಲಿ ಸೋತ ಮಗುವಿನ ಬುದ್ಧಿಲಬ್ಧ ಎಲ್ಲರಂತೆಯೇ ಇದೆ ಎಂದು ಕಾಗದದ ಮೇಲೆ ತೋರಿಸಲು ಸಾಧ್ಯವಾದದ್ದು ಇಂಥ ಪರೀಕ್ಷೆಗಳಿಂದಲೇ. 'ದಡ್ಡ' ಎಂಬ ಮುದ್ರೆಯನ್ನು ಒತ್ತಬಲ್ಲ ಸಾಧನವೇ ಅದನ್ನು ಅಳಿಸುವುದಕ್ಕೂ ಒದಗಿತು.

ಎಂಬತ್ತರ ದಶಕದಲ್ಲಿ ನಾನು ಬಿ.ಎಡ್. ಓದುವಾಗ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಬಿನೆಯವರ ಮೇಲೆ ಟಿಪ್ಪಣಿ ಬರೆಯುವುದು ವಾಡಿಕೆಯಾಗಿತ್ತು. ಡಿಸ್ಲೆಕ್ಸಿಯಾ ಎಂಬ ಶಬ್ದವನ್ನು ಅಲ್ಲಿ ಕೇಳಿದ ನೆನಪಿಲ್ಲ. ಮಾಸ್ತರಿಕೆಗೆ ಸೇರಿದ ಆರಂಭದ ವರ್ಷಗಳಲ್ಲಿ ತೆಂಗಿನಗುಂಡಿ ಬಂದರಿನ ಕಡೆಯಿಂದ ಒಬ್ಬ ಹುಡುಗ ಬರುತ್ತಿದ್ದ. ಬುಟ್ಟಿ ಮೀನಿನ ಬೆಲೆ, ಪಾಲುದಾರರ ಲೆಕ್ಕ, ಡೀಸೆಲ್ ಖರ್ಚು, ಇವೆಲ್ಲವನ್ನೂ ನಿಂತ ನಿಲುವಿನಲ್ಲಿ ಕೂಡಿಸಿ ಕಳೆದು ಹೇಳಬಲ್ಲವನು. ಪಾಣಿಪತ್ತಿನ ಯುದ್ಧಗಳನ್ನು ಇಸವಿ ಸಹಿತ ವಿವರಿಸುತ್ತಿದ್ದ. ನೋಟ್‌ಬುಕ್ ತೆರೆದರೆ 'ಪ'ಕಾರ 'ಷ'ಕಾರಗಳು ಕಲಸಿಹೋಗಿ, ಒತ್ತಕ್ಷರಗಳೆಲ್ಲ ಮಾಯವಾಗಿರುತ್ತಿದ್ದವು. ನನ್ನ ಪಾಠದಲ್ಲಿ ಅವನನ್ನು ನಕ್ಷೆಯ ಬಳಿ ನಿಲ್ಲಿಸಿ ಬಾಯಿಪ್ರಶ್ನೆ ಕೇಳುತ್ತಿದ್ದೆ, ಅವನ ಮುಖ ಅರಳುತ್ತಿತ್ತು. ಆದರೆ ವಾರ್ಷಿಕ ಪರೀಕ್ಷೆಗೆ ಬಾಯಿ ಇಲ್ಲ, ಕೈ ಮಾತ್ರ. ತಾಯಿ ಹರಕೆ ಹೊತ್ತರು, ನೂಲು ಕಟ್ಟಿಸಿದರು. ಒಂಬತ್ತನೆಯ ತರಗತಿ ಮುಗಿಯುವ ಮೊದಲೇ ಅವನು ಶಾಲೆ ಬಿಟ್ಟ.

ವಿಚಿತ್ರವೆಂದರೆ, ಈ ವಿದ್ಯೆ ಬಲ್ಲವರು ಆಗಲೇ ನಮ್ಮ ರಾಜ್ಯದಲ್ಲಿಯೇ ಇದ್ದರು. ಕಿವುಡ ಹಾಗೂ ಅಂಧ ಮಕ್ಕಳಿಗಾಗಿ ಮೈಸೂರಿನಲ್ಲಿ 1901ರಲ್ಲಿಯೇ ಶಾಲೆ ತೆರೆದಿತ್ತು. ಅದೇ ಊರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾಯಿತು. ಬೆಂಗಳೂರಿನಲ್ಲಿ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿಯ ಮಾಲವಿಕಾ ಕಪೂರ್ ಮತ್ತು ಸಹೋದ್ಯೋಗಿಗಳು 1991ರ ಹೊತ್ತಿಗೆ ಕಲಿಕಾ ನ್ಯೂನತೆಯನ್ನು ಅಳೆಯುವ ಪರೀಕ್ಷಾ ಸರಣಿಯನ್ನು ರೂಪಿಸಿದ್ದರು. ಕನ್ನಡದಲ್ಲಿ ಮನಸ್ಸಿನ ಬಗ್ಗೆ ಬರೆಯುವವರೂ ಇದ್ದರು. 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ನಗಿಸಿದವರೇ ಮನೋರೋಗದ ವಿಷಯವನ್ನೂ ಬರೆದರು ಎಂಬುದು ನನಗೆ ಸದಾ ಪ್ರಿಯವಾದ ಸಂಗತಿ. ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರ ಸರಳ ಪುಸ್ತಕಗಳು ಅನೇಕ ಮನೆಗಳಿಗೆ ತಲುಪಿದವು. ಅವರಿಗೆ 2024ರಲ್ಲಿ ಪದ್ಮಶ್ರೀ ದೊರೆಯಿತು. ಆದರೆ ಬೆಂಗಳೂರಿನ ಅರಿವು ಭಟ್ಕಳದ ತರಗತಿಯ ಹಲಗೆಯ ತನಕ ಬರಲು ಒಂದು ತಲೆಮಾರು ಹಿಡಿಯಿತು.

ಕಾನೂನೂ ನಿಧಾನಿಸಿತು. 1995ರ ಅಂಗವಿಕಲರ ಕಾಯಿದೆ ಹೆಸರಿಸಿದ್ದು ಏಳು ಬಗೆಗಳನ್ನು. ಬುದ್ಧಿಮಾಂದ್ಯತೆ ಅದರಲ್ಲಿತ್ತು, ಡಿಸ್ಲೆಕ್ಸಿಯಾ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಆಟಿಸಂ ಸೇರಿತು. 2007ರಲ್ಲಿ 'ತಾರೇ ಜಮೀನ್ ಪರ್' ಚಲನಚಿತ್ರ ಬಂದಾಗ ಆ ಶಬ್ದ ಮನೆಮಾತಾಯಿತು. ನೂರು ತರಬೇತಿ ಶಿಬಿರಗಳು ಮಾಡಲಾಗದ್ದನ್ನು ಒಂದು ಸಿನಿಮಾ ಮಾಡಿತೆಂದು ಹೇಳಲು ನನಗೆ ಸಂಕೋಚವಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಹಾಗಾಗಿ ಬೆತ್ತ ಬಿಟ್ಟು ನಾಲಿಗೆಯಿಂದ ಹೊಡೆಯುವುದೂ ಕಾನೂನಿನ ಕಣ್ಣಲ್ಲಿ ಅಪರಾಧ. ಕೊನೆಗೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಏಳನ್ನು ಇಪ್ಪತ್ತೊಂದಕ್ಕೆ ಏರಿಸಿ, 'ನಿರ್ದಿಷ್ಟ ಕಲಿಕಾ ನ್ಯೂನತೆ'ಯನ್ನು ಸೇರಿಸಿಕೊಂಡಿತು. ಬಂದರಿನ ಆ ಹುಡುಗ ಕಾನೂನಿನ ಪುಸ್ತಕಕ್ಕೆ ಬರುವಷ್ಟರಲ್ಲಿ ಅವನ ಮಕ್ಕಳೇ ಶಾಲೆ ದಾಟುವ ವಯಸ್ಸಿಗೆ ಬಂದಿದ್ದಿರಬೇಕು.

ಇಷ್ಟರ ನಡುವೆ ಕರ್ನಾಟಕ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಮರೆಯಬಾರದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ರಿಷಿವ್ಯಾಲಿಯ ಗ್ರಾಮಶಾಲೆಗಳ ಮಾದರಿಯನ್ನು ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ 'ನಲಿಕಲಿ' ಆರಂಭಿಸಿದರು. ಅದರಲ್ಲಿ ಕಲಿಕೆಯ ಏಣಿ ಇದೆ, ಮೈಲಿಗಲ್ಲುಗಳಿವೆ, ಕಾರ್ಡುಗಳಿವೆ. ಶಿಕ್ಷಕರ ಪೂರ್ಣ ನೆರವು ಬೇಕಾದವರ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ಮಗು ತನ್ನ ಹೆಜ್ಜೆಯಲ್ಲಿ ಸಾಗುತ್ತದೆ. ಹಲವು ದಿನ ರಜೆ ಹಾಕಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. 2009-10ರಿಂದ ಅದು ರಾಜ್ಯದ ಸರಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ವಿಸ್ತರಿಸಿತು. ಐಗಳ ಮಠದಲ್ಲಿದ್ದ ಆ ಒಂದು ಸದ್ಗುಣ, ಕೋದಂಡವನ್ನು ಹೊರಗಿಟ್ಟು, ಮರಳಿ ಬಂದಂತೆ ನನಗೆ ತೋರಿತು. ಕೆಳ ತರಗತಿಗಳು ಮುಗಿದ ಮೇಲೆ ಮತ್ತದೇ ಸಾಲು, ಅದು ಬೇರೆ ಮಾತು.

ನಮ್ಮ ತಾಲ್ಲೂಕಿನ ಮಟ್ಟಿಗೆ ಒಂದು ಎಚ್ಚರಿಕೆ ಅಗತ್ಯ. ನಮ್ಮಲ್ಲಿ ಒಂದು ಮನೆಯಲ್ಲಿ ಕನ್ನಡ, ಮತ್ತೊಂದರಲ್ಲಿ ಕೊಂಕಣಿ, ಇನ್ನೊಂದರಲ್ಲಿ ನವಾಯತಿ. ಶಾಲೆಗೆ ಬಂದ ದಿನವೇ ಪರಭಾಷೆಯನ್ನು ಎದುರಿಸುವ ಮಗು ತಡವಾಗಿ ಓದಿದರೆ ಅದು ನ್ಯೂನತೆಯಲ್ಲ. ಕನ್ನಡ ಲಿಪಿಯೂ ಸಣ್ಣ ಹೊರೆಯಲ್ಲ. ನಲವತ್ತೊಂಬತ್ತು ಮೂಲಾಕ್ಷರಗಳು ಕಾಗುಣಿತದೊಂದಿಗೆ ನಾನೂರನ್ನು ಮೀರುತ್ತವೆ, ಒತ್ತಕ್ಷರಗಳು ಬೇರೆ. ಕನ್ನಡ ಕಲಿಯುವ ಮಕ್ಕಳ ಮೇಲೆ ಸೋನಾಲಿ ನಾಗ್ ಅವರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಪೂರ್ಣ ಹಿಡಿತ ಒಂದೆರಡು ವರ್ಷಗಳಲ್ಲಿ ಮುಗಿಯದೆ ಮುಂದಿನ ತರಗತಿಗಳವರೆಗೂ ಹಬ್ಬುತ್ತದೆಂದು ತೋರಿಸಿತು. ಆದ್ದರಿಂದ ಒಂದನೆಯ ತರಗತಿಯ ಮಗುವಿಗೆ ಒತ್ತಕ್ಷರ ಬಾರದೆಂದು ಗಾಬರಿಪಡಬೇಡಿ. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ 2018ರ ಕೇಂದ್ರ ಮಾರ್ಗಸೂಚಿ ಎಂಟು ವರ್ಷ ತುಂಬಲೆಂದು ಹೇಳಿದ್ದೂ ಇಂಥ ಕಾರಣಕ್ಕೇ ಇರಬೇಕು. ನೆರವು ನೀಡುವುದಕ್ಕೆ ಮಾತ್ರ ಎಂಟರವರೆಗೆ ಕಾಯಬೇಕಿಲ್ಲ.

ಇನ್ನು ಮನಸ್ಸಿನ ವಿಷಯ. ಅಕ್ಷರದಲ್ಲಿ ಸೋಲುವ ಮಗು ದಿನವೂ ಸಾರ್ವಜನಿಕವಾಗಿ ಸೋಲುತ್ತದೆ. ಶಾಲೆಗೆ ಹೊರಡುವಾಗ ಹೊಟ್ಟೆನೋವು, ಇಲ್ಲವೇ ತರಗತಿಯಲ್ಲಿ ವಿದೂಷಕನ ವೇಷ. ಇವೆರಡನ್ನೂ ನಾನು ಮೂರು ದಶಕ ನೋಡಿದ್ದೇನೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಮೌನವಾಗಿ ಮನೆ ಸೇರಿದ ಮಗುವನ್ನು ಒಂಟಿಯಾಗಿ ಬಿಡಬೇಡಿ. 2024ರಲ್ಲಿ ನಮ್ಮ ಮಂಡಳಿ ವರ್ಷಕ್ಕೆ ಮೂರು ಪರೀಕ್ಷೆಗಳ ಕ್ರಮ ತಂದಾಗ ಆ ಒಂದು ದಿನದ ಭಾರ ತುಸು ಇಳಿಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಹಗಲಿರುಳು, ಶುಲ್ಕವಿಲ್ಲದೆ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಮನೆಯ ಗೋಡೆಗೆ ಬರೆದಿಡಿ.

ದೂರವಾಣಿ ಮಾಡಿದವರಿಗೆ ನಾನು ಹೇಳುವುದು ಇಷ್ಟೇ. ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಆಗಲಿ. ಬಳಿಕ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ವಿಚಾರಿಸಿ. ಭಟ್ಕಳದವರಿಗೆ ಜಿಲ್ಲಾಕೇಂದ್ರ ಕಾರವಾರಕ್ಕಿಂತ ಮಣಿಪಾಲ ಹತ್ತಿರ, ಆದರೆ ಸರಕಾರಿ ಪ್ರಮಾಣಪತ್ರ ಎಲ್ಲಿ ಸಿಗುತ್ತದೆಂದು ಮುಂಚಿತವಾಗಿ ಕೇಳಿಕೊಂಡು ಹೊರಡಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕ ಮೊದಲಾದ ಸೌಲಭ್ಯಗಳಿಗೆ ಅದು ಬೇಕು, ಹತ್ತನೆಯ ತರಗತಿಯ ಫೆಬ್ರವರಿಯಲ್ಲಿ ಓಡಾಡಿದರೆ ಸಿಗುವುದಲ್ಲ. ತಜ್ಞರ ಬಳಿ ಹೋಗುವಾಗ ಅಂಕಪಟ್ಟಿಯೊಂದಿಗೆ ಹಿಂದಿನ ಎರಡು ಮೂರು ವರ್ಷಗಳ ನೋಟ್‌ಬುಕ್‌ಗಳನ್ನೂ ಒಯ್ಯಿರಿ. ರದ್ದಿಗೆ ಹಾಕಿದ್ದರೆ, ಈ ವರ್ಷದಿಂದಲಾದರೂ ತೆಗೆದಿಡಿ.