ಹೆಗಲ ಮೇಲಿನ ಕೈ

ಸಂಜೆ ಹೊತ್ತಿನಲ್ಲಿ ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತು ನೋಡಿ. ಕಾಲೇಜು ಮುಗಿಸಿಕೊಂಡು ಬಂದ ಇಬ್ಬರು ಹುಡುಗರು ಕಿರುಬೆರಳು ಹೆಣೆದುಕೊಂಡು ಹಳ್ಳಿಯ ಬಸ್ಸಿಗೆ ಕಾಯುತ್ತಿರುತ್ತಾರೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಇಳಿಸಿದ ಹಮಾಲರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಚಹಾದ ಅಂಗಡಿಗೆ ನಡೆಯುತ್ತಾರೆ. ಹಾವೇರಿಯ ರಸ್ತೆ ಬದಿಯಲ್ಲಿ ಇಬ್ಬರು ದೋಸ್ತರು ಒಂದೇ ತಟ್ಟೆಯಲ್ಲಿ ಮಿರ್ಚಿ–ಮಂಡಕ್ಕಿ ತಿನ್ನುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ಅದೇ ಜಾಗದಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಕೈ ಹಿಡಿದು ನಿಂತರೆ ನಿಲ್ದಾಣಕ್ಕೆ ನಿಲ್ದಾಣವೇ ತಿರುಗಿ ನೋಡುತ್ತದೆ.

ಗಂಡಸರ ಗೆಳೆತನಕ್ಕೆ ನಮ್ಮ ಸೀಮೆ ಕೊಟ್ಟಷ್ಟು ಸಲಿಗೆಯನ್ನು ಬೇರೆ ಯಾವ ಸಂಬಂಧಕ್ಕೂ ಕೊಟ್ಟಂತಿಲ್ಲ. ಆ ಸಲಿಗೆಯ ಒಳಗೇ ಒಂದು ಪ್ರಶ್ನೆ ಕುಳಿತಿದೆ. ಹೆಗಲ ಮೇಲೆ ಕೈ ಹಾಕಿದ ಇಬ್ಬರಲ್ಲಿ ಒಬ್ಬನಿಗೆ ಅದು ಬರಿಯ ಗೆಳೆತನವಾಗಿ, ಇನ್ನೊಬ್ಬನಿಗೆ ಅದು ಪ್ರೀತಿಯೇ ಆಗಿದ್ದರೆ? ಅವನು ಯಾರಿಗೆ ಹೇಳಬೇಕು? ಯಾವ ಮಾತಿನಲ್ಲಿ ಹೇಳಬೇಕು? ಹೇಳಿದರೆ ಗೆಳೆಯನೂ ಹೋದ, ಮರ್ಯಾದೆಯೂ ಹೋಯಿತು. ಹೇಳದಿದ್ದರೆ ಒಂದು ದಿನ ಗೆಳೆಯನ ಲಗ್ನಪತ್ರಿಕೆ ಕೈಗೆ ಬರುತ್ತದೆ. ಹಂದರ ಹಾಕಲು ತಾನೇ ಮುಂದೆ ನಿಲ್ಲಬೇಕಾಗುತ್ತದೆ.

ಈ ಇಕ್ಕಟ್ಟನ್ನು ನಮ್ಮ ಕಥೆ, ನಾಟಕ, ಸಿನಿಮಾಗಳು ಎಷ್ಟರ ಮಟ್ಟಿಗೆ ಕಂಡಿವೆ? ಅದರ ಚರಿತ್ರೆ ಚಿಕ್ಕದು. ಆದರೆ ತಿಳಿದುಕೊಳ್ಳಬೇಕಾದದ್ದು.

ಗೆಳೆತನದ ನೆಲ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಹೆಸರು ಕೇಳದವರು ಕಡಿಮೆ. ಬೈಲಹೊಂಗಲದ ಕಡೆಯ ಘಟನೆಯನ್ನು ಆಧರಿಸಿದ್ದೆಂದು ಪ್ರಸಿದ್ಧವಾದ ಈ ಆಟದ ನಡುವೆ ಇರುವವಳು ಗಂಗಿ. ಸಂಗ್ಯಾ ಮೋಹಿಸುವುದು ಅವಳನ್ನು. ಕೊಲೆಯಾಗುವುದೂ ಆ ಮೋಹದ ಕಾರಣಕ್ಕೆ. ಆದರೂ ಜನ ಆಟಕ್ಕೆ ಇಟ್ಟ ಹೆಸರು ಇಬ್ಬರು ಗೆಳೆಯರದು. ನೋಡುವವರ ಕರುಳು ಹಿಂಡುವುದು ಗಂಗಿಯ ಪ್ರಣಯಕ್ಕಿಂತ ಹೆಚ್ಚಾಗಿ ಬಾಳ್ಯಾನ ದ್ರೋಹ. ಗೆಳೆತನವೆಂದರೆ ಪ್ರಾಣದಷ್ಟು ದೊಡ್ಡದು ಎಂದು ನಂಬಿದ ಸಮಾಜ ಮಾತ್ರ ಇಂಥ ಆಟ ಕಟ್ಟಬಲ್ಲದು.

ಹಾವೇರಿ ಜಿಲ್ಲೆಗೆ ಸೇರಿದ ಶಿಶುನಾಳದ ಷರೀಫರು (1819–1889) ಮತ್ತು ಕಳಸದ ಗೋವಿಂದಭಟ್ಟರ ನಂಟನ್ನು ಇಲ್ಲಿ ನೆನೆಯಬಹುದು. ಅದು ಗುರು–ಶಿಷ್ಯ ಸಂಬಂಧ. ಅದಕ್ಕೆ ಬೇರೆ ಅರ್ಥ ಹಚ್ಚುವುದು ಸಲ್ಲದು. ಆದರೆ ಜಾತಿ, ಧರ್ಮ ಎರಡನ್ನೂ ದಾಟಿದ ಇಬ್ಬರು ಗಂಡಸರ ಒಲವನ್ನು ಈ ನೆಲ ತಲೆಯ ಮೇಲೆ ಹೊತ್ತುಕೊಂಡಿತು ಎಂಬುದಕ್ಕೆ ಅದು ಸಾಕ್ಷಿ. ಶರಣರು ದೇವರನ್ನು ಗಂಡನೆಂದೂ ತಮ್ಮನ್ನು ಹೆಂಡತಿಯೆಂದೂ ಭಾವಿಸಿ ಹಾಡಿದರು; ಶರಣಸತಿ–ಲಿಂಗಪತಿ ಭಾವವೆಂದು ಅದನ್ನು ಗೌರವದಿಂದ ಓದುತ್ತೇವೆ. ಕಂಪನಿ ನಾಟಕಗಳ ಕಾಲದಲ್ಲಿ ಗಂಡಸರೇ ಸೀರೆ ಉಟ್ಟು ‘ಸ್ತ್ರೀಪಾರ್ಟು’ ಮಾಡಿ ಜನರ ಮನಸ್ಸು ಗೆದ್ದರು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಸೀರೆ ಉಟ್ಟ ಜೋಗಪ್ಪಂದಿರಿಗೆ ಜಾತ್ರೆಯಲ್ಲಿ, ಮನೆ ಬಾಗಿಲಲ್ಲಿ ಒಂದು ಸ್ಥಾನವಿತ್ತು. ಆ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಪದ್ಮಶ್ರೀ ಪುರಸ್ಕಾರವನ್ನೂ ಪಡೆದರು.

ಇಲ್ಲೊಂದು ಸೂಕ್ಷ್ಮವಿದೆ. ದೇವರ ಮುಂದೆ ಹೆಣ್ಣಾಗುವವನಿಗೆ, ರಂಗದ ಮೇಲೆ ಹೆಣ್ಣಾಗುವವನಿಗೆ, ಹೆಣ್ಣಾಗಿಯೇ ಬದುಕುವವರಿಗೆ ನಮ್ಮ ಸಂಸ್ಕೃತಿ ಇಷ್ಟೋ ಅಷ್ಟೋ ಜಾಗ ಬಿಟ್ಟಿತ್ತು. ಆದರೆ ಅಂಗಿ–ಪ್ಯಾಂಟು ತೊಟ್ಟು, ಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ, ಗಂಡಾಗಿಯೇ ಉಳಿದು, ಇನ್ನೊಬ್ಬ ಗಂಡನ್ನು ಪ್ರೀತಿಸುವವನಿಗೆ? ಅವನಿಗೆ ಸೀರೆಯಿಲ್ಲ, ಜಗವಿಲ್ಲ, ಹೆಸರೂ ಇಲ್ಲ. ಅವನು ಜೋಗಪ್ಪನಲ್ಲ, ಮಂಗಳಮುಖಿಯೂ ಅಲ್ಲ. ಈ ವ್ಯತ್ಯಾಸವನ್ನು ಇಂದಿಗೂ ಬಹಳ ಜನ ಗಮನಿಸುವುದಿಲ್ಲ.

ಕಾನೂನಿನ ನೆರಳು

ಬ್ರಿಟಿಷರ ಕಾಲದ 1860ರ ಭಾರತೀಯ ದಂಡ ಸಂಹಿತೆಯ 377ನೇ ಕಲಮು ‘ಪ್ರಕೃತಿ ನಿಯಮಕ್ಕೆ ವಿರುದ್ಧ’ವಾದ ದೇಹ ಸಂಪರ್ಕವನ್ನು ಅಪರಾಧವೆಂದಿತು. ಶಿಕ್ಷೆ ಹತ್ತು ವರ್ಷ. ಆಜೀವ ಸೆರೆಗೂ ಅವಕಾಶವಿತ್ತು. ಕಲಮು ಹೇಳಿದ್ದು ಕ್ರಿಯೆಯ ಬಗ್ಗೆ. ಪ್ರೀತಿಯ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ. ಆದರೆ ನೆರಳು ಬಿದ್ದದ್ದು ಪ್ರೀತಿಯ ಮೇಲೂ. ಯಾರನ್ನೂ ಮುಟ್ಟದೆ, ಯಾರಿಗೂ ಹೇಳದೆ, ಮನಸ್ಸಿನಲ್ಲೇ ಗೆಳೆಯನನ್ನು ಇಟ್ಟುಕೊಂಡವನೂ ತನ್ನನ್ನು ಅಪರಾಧಿಯೆಂದೇ ಬಗೆದ.

ನಮ್ಮ ಪತ್ರಿಕೆಗಳ ಭಾಷೆಯೂ ಇದಕ್ಕೆ ತನ್ನ ಪಾಲು ಸಲ್ಲಿಸಿದೆ. ಬಹುಕಾಲ ನಾವು ಬಳಸಿದ ಪದ ‘ಸಲಿಂಗಕಾಮ’. ಗಂಡು–ಹೆಣ್ಣಿನ ವಿಷಯಕ್ಕೆ ಪ್ರೀತಿ, ಪ್ರೇಮ, ಒಲವು, ಅನುರಾಗ ಎಂದು ಹತ್ತು ಪದ ಇಟ್ಟುಕೊಂಡ ಕನ್ನಡ, ಇಲ್ಲಿ ಮಾತ್ರ ಕಾಮವೊಂದನ್ನೇ ಉಳಿಸಿಕೊಂಡಿತು. ಕೈಗೂಡದ ಪ್ರೀತಿಯನ್ನು ನೋಡಿದರೆ ಈ ಪದದ ಕೊರತೆ ತಾನೇ ತಿಳಿಯುತ್ತದೆ. ಅಲ್ಲಿ ದೇಹದ ಪ್ರಶ್ನೆಯೇ ಏಳುವುದಿಲ್ಲ. ಇರುವುದು ಕಾಯುವಿಕೆ, ಹೊಟ್ಟೆಕಿಚ್ಚು, ಒಂದು ಮಾತಿಗಾಗಿ ಹಂಬಲ, ಸೋಲು. ಇವೆಲ್ಲ ಪ್ರೀತಿಯ ಲಕ್ಷಣಗಳು.

ಕಾನೂನಿನ ಕಥೆ ಮುಗಿಯಲು ಒಂದೂವರೆ ಶತಮಾನ ಹಿಡಿಯಿತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರು ಒಪ್ಪಿ ಖಾಸಗಿಯಾಗಿ ನಡೆಸುವ ಸಂಬಂಧ ಅಪರಾಧವಲ್ಲ ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಅಪರಾಧದ ಹಣೆಪಟ್ಟಿಯನ್ನು ಕಿತ್ತುಹಾಕಿತು. ಈ ಜನರಿಗೂ ಇವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೋರಬೇಕಿದೆ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಮದುವೆಯ ಹಕ್ಕಿನ ಪ್ರಶ್ನೆ ಬಂದಾಗ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಅದನ್ನು ಮಾನ್ಯ ಮಾಡಲಿಲ್ಲ; ಅದು ಶಾಸಕಾಂಗದ ಕೆಲಸವೆಂದಿತು.

ಸಣ್ಣ ದುಡ್ಡಿನ ಸಿನಿಮಾ

ಕಡಿಮೆ ದುಡ್ಡಿನಲ್ಲಿ ದಿಟ್ಟ ವಸ್ತುವನ್ನು ಎತ್ತಿಕೊಳ್ಳುವುದು ಕನ್ನಡ ಚಿತ್ರರಂಗಕ್ಕೆ ಹೊಸದೇನಲ್ಲ. 1970ರಲ್ಲಿ ‘ಸಂಸ್ಕಾರ’ ಬಂತು. ಸೆನ್ಸಾರ್ ತಡೆದರೂ ಹೊರಬಂದು ರಾಷ್ಟ್ರಪ್ರಶಸ್ತಿ ಗೆದ್ದಿತು. 1971ರಲ್ಲಿ ‘ವಂಶವೃಕ್ಷ’ ವಿಧವಾ ವಿವಾಹದ ಮಾತೆತ್ತಿತು. 1977ರಲ್ಲಿ ‘ಘಟಶ್ರಾದ್ಧ’ ಬಸಿರಾದ ವಿಧವೆಯನ್ನು ಬದುಕಿರುವಾಗಲೇ ಸತ್ತವಳೆಂದು ಹೊರಹಾಕಿದ ಕ್ರೌರ್ಯವನ್ನು ತೋರಿಸಿತು. 1983ರಲ್ಲಿ ‘ಫಣಿಯಮ್ಮ’ ಬಂತು. ಜಾತಿ, ಮಡಿ, ವೈಧವ್ಯ – ಯಾವುದಕ್ಕೂ ಹೆದರದ ಆ ತಲೆಮಾರಿನ ಈ ಹೆಸರಾಂತ ಚಿತ್ರಗಳಲ್ಲಿ ಗಂಡು ಗಂಡನ್ನು ಪ್ರೀತಿಸುವ ವಿಷಯ ಮಾತ್ರ ಕಾಣುವುದಿಲ್ಲ.

ಹಿಂದಿಯಲ್ಲಿ ಒಂದು ಪ್ರಯತ್ನ ನಡೆದಿತ್ತು. ಕಮಲೇಶ್ವರರ ಕಾದಂಬರಿಯನ್ನು ಆಧರಿಸಿ ಪ್ರೇಮ್ ಕಪೂರ್ 1971ರಲ್ಲಿ ‘ಬದ್ನಾಮ್ ಬಸ್ತಿ’ ತೆಗೆದರು. ಸರ್ಕಾರದ ಫಿಲಂ ಫೈನಾನ್ಸ್ ಕಾರ್ಪೊರೇಷನ್ ನೆರವಿನ ಚಿತ್ರ ಅದು. ಒಬ್ಬ ಚಾಲಕ, ಅವನ ಜೊತೆ ಸೇರುವ ಒಬ್ಬ ತರುಣ, ನಡುವೆ ಒಬ್ಬಳು ಹೆಂಗಸು. ಗಂಡಸರಿಬ್ಬರ ನಡುವಿನ ಒಲವನ್ನು ಅದು ಮೆಲ್ಲನೆ ಸೂಚಿಸಿತು. ಜನ ಮರೆತರು, ಪ್ರತಿಗಳು ಕಳೆದುಹೋದವು ಎಂದೇ ನಂಬಲಾಗಿತ್ತು. 2019ರಲ್ಲಿ ಬರ್ಲಿನ್ ನಗರದ ಆರ್ಸೆನಲ್ ಸಂಗ್ರಹದಲ್ಲಿ ಒಂದು ಪ್ರತಿ ಸಿಕ್ಕಿತು. ಪ್ರೀತಿಯೂ ಸಿನಿಮಾ ಸುರುಳಿಯೂ ಒಂದೇ ಗತಿ ಕಂಡವು: ಇದ್ದರೂ ಇಲ್ಲದಂತೆ ಡಬ್ಬಿಯೊಳಗೆ ಕುಳಿತವು.

ನೆರೆಯ ಮರಾಠಿ ರಂಗಭೂಮಿಯಲ್ಲಿ 1981ರಲ್ಲಿ ವಿಜಯ ತೆಂಡೂಲ್ಕರ್ ‘ಮಿತ್ರಾಚಿ ಗೋಷ್ಟ’ ತಂದರು. ಹೆಣ್ಣು ಹೆಣ್ಣನ್ನು ಪ್ರೀತಿಸಿ ಸೋಲುವ ಕಥೆಯನ್ನು, ಅವಳ ಗಂಡು ಮಿತ್ರನೊಬ್ಬನ ಬಾಯಿಂದ ಹೇಳಿಸುವ ನಾಟಕ. ಬೆಂಗಳೂರಿನ ಮಹೇಶ್ ದತ್ತಾನಿ ಇಂಗ್ಲಿಷಿನಲ್ಲಿ ನಾಟಕ ಬರೆದವರು. 1998ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ತಮ್ಮದೇ ನಾಟಕವನ್ನು ಆಧರಿಸಿ 2002ರಲ್ಲಿ ‘ಮ್ಯಾಂಗೊ ಸೂಫ್ಲೆ’ ಚಿತ್ರ ಮಾಡಿದರು. ಅಗಲಿದ ಗೆಳೆಯನನ್ನು ಮರೆಯಲಾಗದ ಒಬ್ಬ ಗಂಡಸು. ಆ ಗೆಳೆಯನೇ ಈಗ ಅವನ ಸಹೋದರಿಯನ್ನು ಮದುವೆಯಾಗಲು ಹೊರಟಿದ್ದಾನೆ. ಇದು ಆ ಚಿತ್ರದ ಗಂಟು. ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿ ಅದರಲ್ಲಿ ನಟಿಸಿದ್ದರು.

ಇಂಥ ಚಿತ್ರಗಳಿಗೆ ದುಡ್ಡು ಹಾಕುವವರು ಎಲ್ಲಿಂದ ಬರಬೇಕು? ಓನಿರ್ ಅವರ ‘ಐ ಆಮ್’ ಚಿತ್ರಕ್ಕೆ ನಾಲ್ಕು ನೂರಕ್ಕೂ ಹೆಚ್ಚು ಜನ ಸಣ್ಣ ಸಣ್ಣ ಮೊತ್ತ ಕೂಡಿಸಿದರು. ಊರಿನ ಜನ ವಂತಿಗೆ ಎತ್ತಿ ನಾಟಕ ಆಡಿಸುವ ಪದ್ಧತಿಯೇ ಅಂತರಜಾಲದಲ್ಲಿ ನಡೆದಂತಾಯಿತು. ಆ ಚಿತ್ರ ಅತ್ಯುತ್ತಮ ಹಿಂದಿ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಸುಧಾಂಶು ಸರಿಯಾ ಅವರ ‘ಲವ್’ ಇನ್ನೂ ಕಡಿಮೆ ದುಡ್ಡಿನದು. ಕೃಷ್ಣೆ ಹುಟ್ಟುವ ಮಹಾಬಲೇಶ್ವರದ ಬೆಟ್ಟಕ್ಕೆ ಇಬ್ಬರು ಹಳೆಯ ಗೆಳೆಯರು ಎರಡು ದಿನ ಹೋಗಿಬರುತ್ತಾರೆ. ಬಹುದಿನ ಹೇಳದೆ ಉಳಿದದ್ದು ಅಲ್ಲಿ ಮೇಲೆದ್ದು ಇಬ್ಬರನ್ನೂ ನೋಯಿಸುತ್ತದೆ. 377ನೇ ಕಲಮು ಜಾರಿಯಲ್ಲಿದ್ದಾಗಲೇ ತಯಾರಾದ ಈ ಚಿತ್ರ 2015ರಲ್ಲಿ ಎಸ್ಟೋನಿಯಾ ದೇಶದ ಟ್ಯಾಲಿನ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಿತು. 2017ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಜನರಿಗೆ ಸಿಕ್ಕಿತು. ಅದರಲ್ಲಿ ನಟಿಸಿದ ಧ್ರುವ ಗಣೇಶ್ ತೆರೆಯ ಮೇಲೆ ಚಿತ್ರ ನೋಡುವ ಮೊದಲೇ, 2015ರ ಆರಂಭದಲ್ಲಿ ಕ್ಷಯದಿಂದ ತೀರಿಕೊಂಡರು.

ಕನ್ನಡದಲ್ಲಿ 2015ರಲ್ಲಿ ಬಂದ ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ... ಅವಳು’ ಸಂಚಾರಿ ವಿಜಯ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಅದು ಲಿಂಗತ್ವ ಬದಲಿಸಿಕೊಂಡವರ ಬದುಕು. ದೊಡ್ಡ ಹೆಜ್ಜೆಯೇ ಸರಿ. ಆದರೆ ನಾವು ಹುಡುಕುತ್ತಿರುವ ಆ ಗೆಳೆಯನ ಕಥೆ ಅದಲ್ಲ.

ಷಣ್ಮುಖ ಎಂಬ ಹೆಸರು

ಆ ಗೆಳೆಯ ಕನ್ನಡದಲ್ಲಿ ಗಟ್ಟಿಯಾಗಿ ಕಾಣಿಸಿಕೊಂಡದ್ದು ತೆರೆಯ ಮೇಲಲ್ಲ, ಕಾಗದದ ಮೇಲೆ. ವಿವೇಕ ಶಾನಭಾಗರು ಸಂಪಾದಿಸುತ್ತಿದ್ದ ‘ದೇಶಕಾಲ’ ಸಾಹಿತ್ಯ ಪತ್ರಿಕೆಯಲ್ಲಿ ಷಣ್ಮುಖ ಎಸ್. ಎಂಬ ಹೆಸರಿನಲ್ಲಿ ಒಂದು ಕಥೆ ಬಂತು. ಕಥಾನಾಯಕನ ಹೆಸರು ಮೋಹನಸ್ವಾಮಿ. ಜೊತೆಯಲ್ಲೇ ವಾಸವಿದ್ದ ಕಾರ್ತೀಕನನ್ನು ಅವನು ಪ್ರಾಣದಂತೆ ಪ್ರೀತಿಸುತ್ತಾನೆ. ಕಾರ್ತೀಕ ಮಾತ್ರ ಹುಡುಗಿಯನ್ನು ಒಪ್ಪಿ ಮದುವೆಗೆ ಸಿದ್ಧನಾಗುತ್ತಾನೆ. ಒಬ್ಬನಿಗೆ ಬದುಕೇ ಆಗಿದ್ದದ್ದು ಇನ್ನೊಬ್ಬನಿಗೆ ಮದುವೆಗೆ ಮುಂಚಿನ ಒಂದು ಅಧ್ಯಾಯ ಮಾತ್ರ.

ಕಥೆ ಬರೆದವರು ವಸುಧೇಂದ್ರ. ಸಂಡೂರಿನಲ್ಲಿ 1969ರಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಿ, ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದು, ‘ಛಂದ ಪುಸ್ತಕ’ ಪ್ರಕಾಶನ ನಡೆಸುತ್ತಿದ್ದ ಜನಪ್ರಿಯ ಲೇಖಕ. ಅಮ್ಮನ ಬಗ್ಗೆ ಬರೆದ ಪ್ರಬಂಧಗಳಿಂದ ಮನೆಮಾತಾದವರು. ಅಂಥವರಿಗೂ ಈ ಒಂದು ಕಥೆಗೆ ಬೇರೆಯ ಹೆಸರು ಬೇಕಾಯಿತು ಎಂಬುದನ್ನು ಗಮನಿಸಬೇಕು. ಸ್ವಂತ ದುಡಿಮೆ, ಸ್ವಂತ ಪ್ರಕಾಶನ, ಸಾವಿರಾರು ಓದುಗರು ಇದ್ದವರಿಗೇ ಅಷ್ಟು ಅಳುಕಿದ್ದರೆ, ಬ್ಯಾಡಗಿಯ ಅಡತಿ ಅಂಗಡಿಯಲ್ಲಿ ಸಂಬಳಕ್ಕಿರುವ ಹುಡುಗನ ಪಾಡೇನು?

2013ರಲ್ಲಿ ‘ಮೋಹನಸ್ವಾಮಿ’ ಕಥಾಸಂಕಲನವಾಗಿ ಬಂದಾಗ ಮುಖಪುಟದ ಮೇಲೆ ವಸುಧೇಂದ್ರರ ಹೆಸರೇ ಇತ್ತು. ತಾವೂ ಅಂಥವರೇ ಎಂದು ಅವರು ಬಹಿರಂಗವಾಗಿ ಹೇಳಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಇಂಥ ಬದುಕು ಮತ್ತೆ ಅಪರಾಧದ ನೆರಳಿಗೆ ಸರಿಯಿತು. ಪುಸ್ತಕ ಮಾತ್ರ ನಿಲ್ಲಲಿಲ್ಲ, ಮರುಮುದ್ರಣಗಳನ್ನು ಕಂಡಿತು. 2016ರಲ್ಲಿ ರಶ್ಮಿ ತೇರದಾಳರ ಅನುವಾದದಲ್ಲಿ ಇಂಗ್ಲಿಷಿಗೂ ಹೋಯಿತು.

ಆ ಕಥೆಗಳ ಬಲ ಇರುವುದು ವಾದದಲ್ಲಲ್ಲ, ವಿವರದಲ್ಲಿ. ಶಾಲೆಯಲ್ಲಿ ಹಾಸ್ಯಕ್ಕೆ ಗುರಿಯಾಗುವುದು, ದೇವರ ಮುಂದೆ ತನ್ನನ್ನು ಸರಿಮಾಡು ಎಂದು ಬೇಡಿಕೊಳ್ಳುವುದು, ಬೆಂಗಳೂರಿನ ಬಾಡಿಗೆ ಮನೆ – ಎಲ್ಲವೂ ಕನ್ನಡ ಮಧ್ಯಮ ವರ್ಗದ ಮನೆಯೊಳಗಿನ ಮಾತುಗಳಲ್ಲೇ ಬರುತ್ತವೆ. ಇದು ಪರದೇಶದಿಂದ ಬಂದ ರೋಗ ಎನ್ನುವವರಿಗೆ ಅದಕ್ಕಿಂತ ಸಮರ್ಥ ಉತ್ತರವಿಲ್ಲ.

ಇನ್ನೂ ಉಳಿದದ್ದು

ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಒಂದರ ಹಿಂದೊಂದು ಬರುತ್ತವೆ. ಎಷ್ಟೋ ತರುಣರು ಓದು, ನೌಕರಿಯ ನೆಪದಲ್ಲಿ ಈ ರೈಲು ಹತ್ತಿ ರಾಜಧಾನಿಗೆ ಹೋಗುತ್ತಾರೆ. ಅಲ್ಲಿ 1990ರ ದಶಕದಿಂದಲೇ ‘ಗುಡ್ ಆ್ಯಸ್ ಯೂ’, ‘ಸಂಗಮ’ದಂಥ ಬಳಗಗಳಿವೆ, 2008ರಿಂದ ಹೆಮ್ಮೆಯ ಮೆರವಣಿಗೆ ನಡೆದಿದೆ. ರೈಲು ಹತ್ತದೆ ಊರಲ್ಲೇ ಉಳಿದವನಿಗೆ ಕೈಯಲ್ಲಿನ ಮೊಬೈಲೇ ಗತಿ. ಅದರಲ್ಲಿ ಸಿನಿಮಾ ಸಿಗುತ್ತದೆ, ಮೋಸಗಾರರೂ ಸಿಗುತ್ತಾರೆ.

ಇಪ್ಪತ್ತಾರು–ಇಪ್ಪತ್ತೇಳು ದಾಟುತ್ತಲೇ ಮನೆಯಲ್ಲಿ ಕನ್ಯೆ ನೋಡಲು ಶುರುವಾಗುತ್ತದೆ. ಬಾಯಿ ಬಿಡಲಾಗದವನು ತಲೆಯಾಡಿಸುತ್ತಾನೆ. ಆಗ ಸೋಲುವವರು ಇಬ್ಬರಲ್ಲ, ಮೂವರು. ಹೇಳಲಾಗದ ಅವನು, ಏನೂ ಅರಿಯದ ಅವನ ಗೆಳೆಯ, ಯಾವ ತಪ್ಪೂ ಇಲ್ಲದೆ ಆ ಮನೆಗೆ ಸೊಸೆಯಾಗಿ ಬಂದ ಹೆಣ್ಣುಮಗಳು. ಗಂಡ ಏಕೆ ತನ್ನಿಂದ ದೂರ ಎಂದು ತಿಳಿಯದೆ ಅವಳು ತನ್ನಲ್ಲೇ ಕೊರತೆ ಹುಡುಕುತ್ತಾಳೆ. ಈ ಮೌನವನ್ನು ಮರ್ಯಾದೆ ಎಂದು ಕರೆಯುವವರು ಆ ಮೂರನೆಯವಳ ಲೆಕ್ಕವನ್ನೂ ಇಡಬೇಕು.

ಪ್ರೀತಿಸಿದವರೆಲ್ಲರಿಗೂ ಪ್ರೀತಿ ಮರಳಿ ಸಿಗಬೇಕೆಂದು ಯಾವ ಕೋರ್ಟೂ ಹೇಳಲಾರದು. ಗೆಳೆಯ ‘ನನಗೆ ಹಾಗೆ ಅನ್ನಿಸುವುದಿಲ್ಲ’ ಎನ್ನಬಹುದು. ಅದು ಅವನ ಹಕ್ಕು. ಹುಡುಗಿಯೊಬ್ಬಳು ಒಲ್ಲೆ ಎಂದಾಗ ಹುಡುಗನ ದುಃಖಕ್ಕೆ ಗೆಳೆಯರು ಜೊತೆಯಾಗುತ್ತಾರೆ, ಹಾಡುಗಳು ಒದಗಿ ಬರುತ್ತವೆ, ನಾಲ್ಕು ದಿನಕ್ಕೆ ಮನಸ್ಸು ಹಗುರಾಗುತ್ತದೆ. ಈ ಹುಡುಗನಿಗೆ ಬೇಕಿರುವುದೂ ಅಷ್ಟೇ: ಸೋತೆ ಎಂದು ಹೇಳಿಕೊಳ್ಳಲು ಒಂದು ಜಾಗ, ಹೇಳಿದ ಮೇಲೂ ಹೆಗಲ ಮೇಲಿಂದ ಸರಿಯದ ಒಂದು ಕೈ.