ಅಸಲಿ ಬೀಡಿ, ನಕಲಿ ಲೇಬಲ್ಲು

ಗುಬ್ಬಿಯ ನಮ್ಮ ಅಂಗಡಿಗೆ ಬಂದ ಗಿರಾಕಿಗಳು ಬೀಡಿ ಕಂಪನಿಯ ಹೆಸರನ್ನು ಪೂರ್ತಿ ಹೇಳುತ್ತಿದ್ದುದು ಅಪರೂಪ. ‘ಗಣಪ್ಪಂದು ಒಂದು ಕಟ್ಟು ಕೊಡಣ್ಣ’ ಎನ್ನುವರು, ‘ಮೂವತ್ತನೇ ನಂಬರಿಂದು ನಾಕು’ ಎನ್ನುವರು. ಅಡಿಕೆ ಸುಲಿಯುವವರು, ತೆಂಗಿನಕಾಯಿ ಕೀಳುವವರು, ಮಂಡಿಗೆ ಗಾಡಿ ಕಟ್ಟಿಕೊಂಡು ಬಂದವರು. ಓದು ಬಾರದವರಿಗೆ ಲೇಬಲ್ಲಿನ ಚಿತ್ರ, ಅಂಕಿ, ಕಾಗದದ ಬಣ್ಣ ಇವಿಷ್ಟೇ ಕುರುಹು. ಬೀಡಿ ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ನಕಲಿ ಮಾಡುವವರಿಗೂ ಅಷ್ಟೇ ಚೆನ್ನಾಗಿ ಗೊತ್ತಿತ್ತು.

ಅಂಗಡಿ ನಮ್ಮಪ್ಪನದು. ಮಾಲು ತುಮಕೂರಿನ ಮಂಡಿಪೇಟೆಯಿಂದ ಬರುತ್ತಿತ್ತು. ನಾನು ಹೈಸ್ಕೂಲು ಮೆಟ್ಟಿಲು ಹತ್ತುವ ಹೊತ್ತಿಗೆ ಬಂದ ಮಾಲನ್ನು ಬಿಚ್ಚಿ ನೋಡುವ ಕೆಲಸ ನನ್ನ ಪಾಲಿಗೆ ಬಿತ್ತು. ಮೊದಲು ಲೇಬಲ್ಲು. ಹೆಬ್ಬೆರಳಿಗೆ ನಾಲಿಗೆ ತಗುಲಿಸಿ ಬಣ್ಣದ ಮೇಲೆ ಉಜ್ಜಬೇಕು. ಕಳ್ಳ ಲೇಬಲ್ಲಿನ ಕೆಂಪು ಬೆರಳಿಗೆ ಹತ್ತುತ್ತದೆ. ಆಮೇಲೆ ಬೆಳಕಿಗೆ ಹಿಡಿಯಬೇಕು. ಒಳ್ಳೆಯ ಪ್ರೆಸ್ಸಿನಲ್ಲಿ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂತಿರುತ್ತದೆ. ಅವಸರದ ಪ್ರೆಸ್ಸಿನಲ್ಲಿ ಕೂದಲೆಳೆಯಷ್ಟು ಜರುಗಿರುತ್ತದೆ. ಆಗ ದೇವರ ಕಿರೀಟ ತಲೆ ಬಿಟ್ಟು ಮೇಲೆದ್ದಿರುತ್ತದೆ, ಕಣ್ಣಿನ ಕಪ್ಪು ರೆಪ್ಪೆಯಾಚೆ ಹೋಗಿರುತ್ತದೆ. ‘ಗಣಪತಿ ಮೆಳ್ಳೆಗಣ್ಣು ಬಿಡ್ತಾ ಇದ್ರೆ ವಾಪಸ್ ಕಳ್ಸು’ ಎಂದು ಅಪ್ಪ ಗಲ್ಲಾಪೆಟ್ಟಿಗೆಯಿಂದಲೇ ಕೂಗುತ್ತಿದ್ದರು. ಎಷ್ಟೋ ಕಾಲ ನನಗೆ ದೇವಸ್ಥಾನಕ್ಕೆ ಹೋದರೂ ಮೂರ್ತಿಯ ಕಣ್ಣಿನ ಮೇಲೇ ಕಣ್ಣು.

ಲೇಬಲ್ಲು ದಾಟಿದರೆ ಬೀಡಿ. ಬಾಯಿಗಿಡುವ ಸಪೂರ ತುದಿಯ ಹತ್ತಿರ ಸುತ್ತಿದ ದಾರದ ಬಣ್ಣ ಯಾವುದು, ಎಷ್ಟು ಸುತ್ತು. ಹಚ್ಚುವ ಅಗಲದ ತುದಿಯನ್ನು ಒಳಕ್ಕೆ ಮಡಚಿದ್ದು ನಾಲ್ಕೂ ಕಡೆ ಸಮವೋ ಅಲ್ಲವೋ. ಎಲೆಯ ದಪ್ಪ ನರ ತೆಗೆದಿದ್ದಾರೋ ಹಾಗೇ ಬಿಟ್ಟಿದ್ದಾರೋ. ದೊಡ್ಡ ಕಂಪನಿಗಳಲ್ಲಿ ಕಟ್ಟಿದ ಬೀಡಿಯನ್ನು ಬಿಸಿಗೆ ಇಟ್ಟು ತೇವ ಆರಿಸಿದ ಮೇಲೆಯೇ ಲೇಬಲ್ಲು ಹಚ್ಚುವುದು. ಹಾಗೆ ಬಿಸಿ ಕಂಡ ಬೀಡಿಗೆ ಒಂದು ಹದವಾದ ವಾಸನೆ ಇರುತ್ತದೆ, ಕಿವಿಯ ಹತ್ತಿರ ಹಿಡಿದು ಒತ್ತಿದರೆ ಎಲೆ ಸಣ್ಣಗೆ ಸದ್ದು ಮಾಡುತ್ತದೆ. ಕಳ್ಳ ಮಾಲಿಗೆ ಆ ಸೌದೆ, ಇದ್ದಲಿನ ಖರ್ಚೆಲ್ಲಿ? ಆಷಾಢದ ಜಡಿ ಹಿಡಿದರೆ ಕಟ್ಟಿನ ನಡುವಿನ ಬೀಡಿಗೆ ಬೂಸಲು. ಸೇದಿ ನೋಡಿ ಹೇಳುತ್ತೇನೆ ಎನ್ನುವ ಗಿರಾಕಿಯನ್ನು ಮಾತ್ರ ಅಪ್ಪ ನಂಬುತ್ತಿರಲಿಲ್ಲ. ಮಧ್ಯೆ ಮಧ್ಯೆ ಆರಿಹೋದರೆ ಜನ ನಕಲಿ ಎನ್ನುತ್ತಾರೆ. ಎಳೆಯುವುದು ಬಿಟ್ಟರೆ ಎಂಥ ಬೀಡಿಯೂ ಆರುತ್ತದೆ.

ಕ್ಯೂಬಾ ದೇಶದವರು ಈ ತಲೆನೋವನ್ನು ಸರ್ಕಾರದ ಹೆಗಲಿಗೇ ಹೊರಿಸಿದ್ದಾರೆ. ಅವರ ಸಿಗಾರಿನ ಪೆಟ್ಟಿಗೆಗೆ 1912ರ ಕಾನೂನಿನ ಪ್ರಕಾರ ಸರ್ಕಾರದ್ದೇ ಖಾತರಿ ಚೀಟಿ, ಹಸಿರು ಬಣ್ಣದ್ದು. ಪೆಟ್ಟಿಗೆಯ ತಳದಲ್ಲಿ ಕ್ಯೂಬಾದಲ್ಲಿ ಮಾಡಿದ್ದು ಎಂಬ ಸುಟ್ಟ ಮುದ್ರೆ. ಪೂರ್ತಿ ಕೈಯಿಂದಲೇ ಮಾಡಿದ್ದು ಎಂಬ ಮಾತು 1989ರಿಂದ ಸೇರಿತು. ಕಾರ್ಖಾನೆಯ ಗುಪ್ತ ಅಕ್ಷರ, ತಿಂಗಳು, ವರ್ಷ ಬೇರೆ. 2010ರಲ್ಲಿ ಹೋಲೋಗ್ರಾಂ, ಬಾರ್‌ಕೋಡೂ ಬಂದವು. ಇಷ್ಟಾದರೂ ಹವಾನಾದ ಬೀದಿಯಲ್ಲಿ ಪ್ರವಾಸಿಗಳಿಗೆ ಕಳ್ಳ ಪೆಟ್ಟಿಗೆ ಮಾರುವವರು ಕಮ್ಮಿಯಾಗಿಲ್ಲ. ‘ನಮ್ಮ ಭಾವ ಫ್ಯಾಕ್ಟರಿಯಲ್ಲೇ ಇದ್ದಾನೆ, ಅಲ್ಲಿಂದಲೇ ತಂದದ್ದು’ ಎನ್ನುವುದು ಅಲ್ಲಿಯ ಮಾಮೂಲಿ ಮಾತಂತೆ. ಆ ಭಾವ ನಮ್ಮ ಮಂಡಿಪೇಟೆಯಲ್ಲೂ ಇದ್ದ. ನಮ್ಮಲ್ಲಿ ಇರದಿದ್ದುದು ಹಸಿರು ಚೀಟಿ.

ಬೀಡಿ ನಮ್ಮ ಸೀಮೆಯ ಹುಟ್ಟುವಳಿಯೇನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗುಜರಾತಿನ ವ್ಯಾಪಾರಿಗಳು ಜಬಲ್ಪುರದ ಕಡೆಯ ಕಾಡಿನ ತೂಬರೆ ಎಲೆಯನ್ನು ಹಿಡಿದ ಮೇಲೆ ಅದು ದೊಡ್ಡ ಉದ್ಯಮವಾಯಿತು. ಎಲೆ ಮಧ್ಯಪ್ರದೇಶ, ಒಡಿಶಾದ ಕಾಡಿನದು, ಹೊಗೆಸೊಪ್ಪು ನಿಪ್ಪಾಣಿಯದು ಇಲ್ಲವೇ ಗುಜರಾತಿನದು. ಕಟ್ಟುವ ಕೈ ಮಾತ್ರ ಎಲ್ಲಿ ಅಗ್ಗವೋ ಅಲ್ಲಿಯದು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲೇ ರೈಲು ಬಂದಿತ್ತು, ಮೂಟೆ ಇಳಿಸಲು ತೊಂದರೆ ಇರಲಿಲ್ಲ. ಆದರೆ ನಮ್ಮ ಗಿರಾಕಿಗಳ ಬಾಯಲ್ಲಿದ್ದ ಹೆಸರುಗಳು ಬಂದದ್ದು ಪಡುವಣ ದಿಕ್ಕಿನಿಂದ. ಮಂಗಳೂರಿನಲ್ಲಿ ಎಸ್. ರಘುರಾಮ ಪ್ರಭು 1939ರಲ್ಲಿ ಗಣೇಶ ಬೀಡಿ ಶುರು ಮಾಡಿದರು, ಮರುವರ್ಷ ಮಾಧವ ಶೆಣೈ ಪಾಲುದಾರರಾದರು. ಆ ಮಾಲು ಶಿರಾಡಿ ಘಾಟಿ ಹತ್ತಿ, ಹಾಸನ ದಾಟಿ, ಯಡಿಯೂರು, ಕುಣಿಗಲ್ ಮೇಲೆ ಬೆಂಗಳೂರಿಗೆ ಹೋಗುತ್ತಿತ್ತು. ಆಗ ಅದು 48ನೇ ಹೆದ್ದಾರಿ, ಈಗ 75.

ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಬೀಡಿಯ ಅಸಲಿತನಕ್ಕೆ ಕುಣಿಗಲ್ಲೇ ಒರೆಗಲ್ಲು. ಘಟ್ಟದ ಕೆಳಗಿನ ಲಾರಿ ಡ್ರೈವರುಗಳು ಅಲ್ಲಿ ಊಟಕ್ಕೆ ನಿಲ್ಲುತ್ತಿದ್ದರು. ಅವರ ಜೇಬಿನಲ್ಲಿರುತ್ತಿದ್ದುದು ಹುಟ್ಟಿದೂರಿನಲ್ಲೇ ಕೊಂಡ ಕಟ್ಟು. ಅನುಮಾನದ ಮಾಲು ಬಂದರೆ ಅಪ್ಪ ಅದರಲ್ಲೊಂದು ಕಟ್ಟನ್ನು ಕುಣಿಗಲ್ಲಿನ ನಮ್ಮ ಸೋದರಮಾವನಿಗೆ ಕಳಿಸುವರು. ಮಾವ ಹೋಟೆಲಿನ ಮುಂದೆ ಯಾವುದಾದರೂ ಡ್ರೈವರನ ಕಟ್ಟಿನ ಪಕ್ಕ ಇಟ್ಟು ತಾಳೆ ನೋಡುವರು. ಒಂದೇ ಲೇಬಲ್ಲನ್ನು ಕೈಯಲ್ಲಿ ಹಿಡಿದು ನೋಡಿದರೆ ಎಲ್ಲವೂ ಅಸಲಿಯೇ. ಜೋಡಿ ಇಟ್ಟಾಗಲೇ ಕಳ್ಳ ಸಿಗುವುದು.

ಗಿರಾಕಿಗೆ ಜೋಡಿ ಇಟ್ಟು ನೋಡುವ ಯೋಗ ಎಲ್ಲಿಂದ ಬರಬೇಕು? ಸುಪ್ರೀಂ ಕೋರ್ಟು 1962ರಲ್ಲಿ ಅಮೃತಧಾರಾ ಔಷಧಿಯ ಮೊಕದ್ದಮೆಯಲ್ಲಿ ಇದೇ ಮಾತು ಆಡಿದೆ: ಸಾಧಾರಣ ಬುದ್ಧಿಯ, ಅರೆಬರೆ ನೆನಪಿನ ಗಿರಾಕಿ ಮೋಸಹೋಗುತ್ತಾನೋ ಇಲ್ಲವೋ ಎಂದು ನೋಡಬೇಕೇ ಹೊರತು ಎರಡನ್ನೂ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಬಾರದು. ಬೀಡಿಯ ವಿಷಯದಲ್ಲಿ ಇನ್ನೊಂದು ತೊಡಕು. ನಮ್ಮಲ್ಲಿ 25ರ ಕಟ್ಟು ಕೊಳ್ಳುವವರಿಗಿಂತ ನಾಲ್ಕು, ಆರು ಎಂದು ಬಿಡಿಯಾಗಿ ಕೊಳ್ಳುವವರೇ ಜಾಸ್ತಿ. ಲೇಬಲ್ಲನ್ನು ಅವರು ನೋಡುತ್ತಲೇ ಇರಲಿಲ್ಲ, ಅಂಗಡಿಯವನ ಮುಖ ನೋಡುತ್ತಿದ್ದರು. ಬಿಡಿ ಮಾರಾಟವನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಪ್ಪ ಇದ್ದಿದ್ದರೆ ಅಂಗಡಿಗೇ ಬೀಗ ಹಾಕಬೇಕು ಎನ್ನುತ್ತಿದ್ದರೇನೋ.

ಕಳ್ಳ ಮಾಲು ಅಂಗಡಿಗಿಂತ ಜಾತ್ರೆಯಲ್ಲಿ ಹೆಚ್ಚು ಓಡುತ್ತಿತ್ತು. ಗುಬ್ಬಿಯಲ್ಲಿ ಚನ್ನಬಸವೇಶ್ವರ ಸ್ವಾಮಿಯ ತೇರು, ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರರ ತೇರು. ಪರಸ್ಥಳದಿಂದ ಬಂದವನು ಬೀಡಿ ಕೆಟ್ಟದೆಂದು ತಿರುಗಿ ಬಂದು ಜಗಳವಾಡುವುದಿಲ್ಲ. ಜಾತ್ರೆ ಮುಗಿದ ಮಾರನೇ ದಿನ ಬೀಡಿ ಮಾರಿದವನೂ ಇರುವುದಿಲ್ಲ.

ಇಷ್ಟೆಲ್ಲ ಲೇಬಲ್ಲಿನ ಕಥೆ. ಒಳಗಿನ ಬೀಡಿಯ ಕಥೆ ನನಗೆ ತಿಳಿದದ್ದು ತುಮಕೂರಿನಲ್ಲಿ, ಅಪ್ಪನ ತರುವಾಯ ನಾನೇ ಮಾಲು ತರಲು ಹೋಗುವಂತಾದ ಮೇಲೆ. ಅಲ್ಲಿನ ಮುಸ್ಲಿಂ ಓಣಿಗಳಲ್ಲಿ ಆಗ ಮಧ್ಯಾಹ್ನವಾದರೆ ಬಾಗಿಲು ಬಾಗಿಲಲ್ಲೂ ಮೊರ. ಹಿಂದಿನ ದಿನವೇ ನೆನೆಸಿಟ್ಟ ಎಲೆಯನ್ನು ತಗಡಿನ ಅಳತೆ ಇಟ್ಟು ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ, ಎರಡು ಬೆರಳಲ್ಲಿ ಉರುಳಿಸಿ, ದಾರ ಬಿಗಿದು, ಮೊರದ ಅಂಚಿಗೆ ಸಾಲಿಡುತ್ತಿದ್ದರು. ಮಾತಾಡುತ್ತಲೇ, ಮಗುವಿಗೆ ಬೈಯುತ್ತಲೇ. ಅಂಥ ಒಂದು ಮನೆಯ ಹೆಂಗಸನ್ನು ನಾನು ಖಾಲಾ ಎಂದೇ ಕರೆಯುತ್ತಿದ್ದೆ. ಒಂದು ಸಲ, ಮಂಡಿಪೇಟೆಯಲ್ಲಿ ಅನುಮಾನ ಬಂದ ಕಟ್ಟೊಂದನ್ನು ಅವರ ಮುಂದೆ ಬಿಚ್ಚಿದೆ. ಅವರು ಲೇಬಲ್ಲನ್ನು ನೋಡದೆ ಬದಿಗಿಟ್ಟರು. ಒಂದು ಬೀಡಿಯ ಮಡಿಕೆ ಬಿಡಿಸಿ, ಬೆರಳಲ್ಲಿ ತಿರುಗಿಸಿ, ‘ಇದು ನಕಲಿ ಅಲ್ಲ ಬೇಟಾ, ನಮ್ಮ ಗಲ್ಲಿದೇ ಕೈ ಐತೆ ಇದು’ ಎಂದರು. ಯಾರದೆಂದೂ ಅವರಿಗೆ ಗೊತ್ತಿತ್ತು. ಮೂರನೇ ಮನೆಯ ಕಡೆ ನೋಡಿ ನಕ್ಕರು.

ಅದು ಹೀಗೆ. ಕಂಪನಿಗೂ ಕಟ್ಟುವವರಿಗೂ ನಡುವೆ ಒಬ್ಬ ಕಂಟ್ರಾಕ್ಟರ. ಎಲೆ, ಪುಡಿ ತೂಕ ಮಾಡಿ ಕೊಡುವವನೂ ಅವನೇ, ಬೀಡಿ ಎಣಿಸಿಕೊಳ್ಳುವವನೂ ಅವನೇ. ಎಣಿಸುವಾಗ ಒಂದು ಹಿಡಿಯನ್ನು ಚಾಟು ಎಂದು ಬೇರೆ ತೆಗೆಯುತ್ತಾನೆ: ಇದು ಸಡಿಲ, ಇದು ಗಿಡ್ಡ. ಚಾಟಿಗೆ ಕೂಲಿ ಇಲ್ಲ, ಆದರೆ ವಾಪಸ್ಸೂ ಕೊಡುವುದಿಲ್ಲ. ಆ ಹಿಡಿ ಹಿಡಿ ಸೇರಿ ಮೂಟೆಯಾಗುತ್ತದೆ. ಎಲ್ಲೋ ಅಚ್ಚಾದ ಲೇಬಲ್ಲು ಅದಕ್ಕೆ ಸಿಕ್ಕುತ್ತದೆ. ಮಾಲು ಕಮ್ಮಿ ಬಿದ್ದರೆ ಅದೇ ಹೆಂಗಸರಿಗೆ ಬೇರೆ ಎಲೆ ಕೊಟ್ಟು ರಾತ್ರಿ ಪಾಳಿಯಲ್ಲಿ ಕಟ್ಟಿಸಿದರಾಯಿತು. ಬೆಳಗಿನ ಬೀಡಿ ಕಂಪನಿಯದು, ರಾತ್ರಿಯದು ಕಳ್ಳನದು. ಎಲ್ಲ ಕಂಟ್ರಾಕ್ಟರುಗಳೂ ಹಾಗಿದ್ದರೆಂದಲ್ಲ. ಖಾಲಾಗೆ ಸಿಕ್ಕಿದವನು ಹಾಗಿದ್ದ.

ಚಾಟಿನ ಅನ್ಯಾಯ ದಿಲ್ಲಿಗೂ ಗೊತ್ತಿತ್ತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂತು, ಅದರ ಅಡಿಯ ನಿಯಮಗಳು ಚಾಟು ಇಷ್ಟನ್ನು ಮೀರಕೂಡದೆಂದು ಮಿತಿ ಹಾಕಿದವು. ಮಾಲೀಕರು ಸುಮ್ಮನಿರಲಿಲ್ಲ. ಕೇರಳ ಸರ್ಕಾರ ಕಾಯಿದೆಯನ್ನು ಜಾರಿಗೆ ತರುತ್ತಲೇ 1968ರಲ್ಲಿ ಗಣೇಶ ಬೀಡಿಯವರು ಕಣ್ಣೂರು ಕಡೆಯ ಕೆಲಸ ನಿಲ್ಲಿಸಿದರು. ಸಾವಿರಾರು ಜನ ಬೀದಿಗೆ ಬಿದ್ದರು, ಅವರಿಗಾಗಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಕಾಯಿದೆಯನ್ನೇ ಪ್ರಶ್ನಿಸಿ ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 1974ರ ಜನವರಿಯಲ್ಲಿ ತೀರ್ಪು ಬಂತು. ಕಾಯಿದೆಯೂ ಉಳಿಯಿತು, ಚಾಟಿನ ನಿಯಮವೂ ಉಳಿಯಿತು. ಮೊಕದ್ದಮೆಯ ತಲೆಬರಹದಲ್ಲಿ ಇದ್ದದ್ದು ಮಂಗಳೂರು ಗಣೇಶ ಬೀಡಿ ವರ್ಕ್ಸ್ ಹೆಸರು. ನಮ್ಮ ಗಿರಾಕಿಗಳ ಗಣಪ್ಪ ಕಾನೂನು ಪುಸ್ತಕದಲ್ಲೂ ಹೀಗೆ ಕೂತ.

1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯಿದೆ, 1977ರಲ್ಲಿ ಭವಿಷ್ಯನಿಧಿ. ಮನೆಯಲ್ಲಿ ಕೂತು ಕಟ್ಟುವವರು ನಮ್ಮ ನೌಕರರೇ ಅಲ್ಲವೆಂದು ಮಾಲೀಕರು ಮತ್ತೆ ವಾದಿಸಿದಾಗ, ಅವರೂ ನೌಕರರೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿತು. ಅಲ್ಲಿಂದಾಚೆಗೆ ಖಾಲಾ ಥರದವರಿಗೆ ಒಂದು ಲಾಗ್ ಬುಕ್ಕು ಅಂದರೆ ಪ್ರಾಣ. ಎಷ್ಟು ಸಾವಿರ ಕಟ್ಟಿದೆ ಎಂದು ಅದರಲ್ಲಿ ಬಿದ್ದರೆ ಪಿಎಫ್, ಗುರುತಿನ ಚೀಟಿ, ಮೈಸೂರಿನ ಬೀಡಿ ಕಾರ್ಮಿಕರ ಆಸ್ಪತ್ರೆ, ಮಕ್ಕಳಿಗೆ ವಿದ್ಯಾರ್ಥಿವೇತನ. ಬೀಳದಿದ್ದರೆ ಕಟ್ಟಿಯೇ ಇಲ್ಲ.

ಸೇದುವವನಿಗೆ ನಕಲಿಯಿಂದ ಆದ ನಷ್ಟ ನಾಲ್ಕಾಣೆಯದು. ಎದೆಗೆ ಆಗುವ ಕೇಡಿನಲ್ಲಿ ಅಸಲಿ ನಕಲಿ ಎಂಬ ಭೇದವಿಲ್ಲ. ಕಂಪನಿಗೆ ಆದ ನಷ್ಟಕ್ಕೆ ವಕೀಲರಿದ್ದರು. ಕಳ್ಳ ಲೇಬಲ್ಲಿನಡಿ ಹೋದ ಬೀಡಿ ಯಾವ ಪುಸ್ತಕದಲ್ಲೂ ಬೀಳುತ್ತಿರಲಿಲ್ಲ. ನಾನು ಹೆಬ್ಬೆರಳು ಒದ್ದೆ ಮಾಡಿಕೊಂಡು ಕಳ್ಳನನ್ನು ಹಿಡಿಯುತ್ತಿದ್ದುದು ಅಂಗಡಿಯ ಮಾನಕ್ಕೆ. ಆ ಲೇಬಲ್ಲಿನೊಳಗೆ ಖಾಲಾಳ ಎಷ್ಟು ರಾತ್ರಿಗಳ ಪಿಎಫ್ ಹೋಯಿತೆಂಬುದು ಅಪ್ಪನ ಪರೀಕ್ಷೆಯಲ್ಲಿ ಇರಲಿಲ್ಲ.

2009ರಲ್ಲಿ ತಂಬಾಕಿನ ಪೊಟ್ಟಣಗಳಿಗೆ ಎಚ್ಚರಿಕೆಯ ಚಿತ್ರ ಬಂತು, 2016ರಿಂದ ಅದು ನೂರಕ್ಕೆ 85 ಭಾಗ ಜಾಗ ನುಂಗಿತು. ಗಣಪ್ಪ ಮೂಲೆ ಸೇರಿದ. ಈಗ ಕೊಳ್ಳುವವನಿಗೆ ಮೊದಲು ಕಾಣುವುದು ಎಲ್ಲ ಕಂಪನಿಗಳಲ್ಲೂ ಒಂದೇ ಚಿತ್ರ. ಬೀಡಿ ಸೇದುವವರೂ ಕಮ್ಮಿಯಾದರು, ಕಳ್ಳರು ಸಿಗರೇಟಿಗೆ ಹೋದರು. ಖಾಲಾಳ ಓಣಿಯ ಹುಡುಗಿಯರು ಗಾರ್ಮೆಂಟ್ಸಿನ ಬಸ್ಸು ಹತ್ತುತ್ತಾರೆ.

ಮಂಗಳೂರಿನ ಕಂಪನಿಯ ಪಾಲುದಾರರಲ್ಲಿ ವ್ಯಾಜ್ಯ ಬಂದು 1994ರಲ್ಲಿ ಅದನ್ನು ಇಡಿಯಾಗಿ ಹರಾಜು ಹಾಕಿದಾಗ 92 ಕೋಟಿಗೆ ನಿಂತಿತು. ಅದರಲ್ಲಿ ಕಟ್ಟಡ, ಯಂತ್ರಕ್ಕಿಂತ ಹೆಸರು, ಟ್ರೇಡ್‌ಮಾರ್ಕು, ಮಿಶ್ರಣದ ಗುಟ್ಟಿನ ಬೆಲೆಯೇ ದೊಡ್ಡದು. ತೆರಿಗೆಯ ಜಗಳದಲ್ಲಿ ಅವೂ ಆಸ್ತಿಯೇ ಎಂದು ಸುಪ್ರೀಂ ಕೋರ್ಟು 2015ರಲ್ಲಿ ಒಪ್ಪಿತು. ಪೇಪರಿನಲ್ಲಿ ಓದಿದ್ದನ್ನು ಖಾಲಾಗೆ ಹೇಳಿದೆ. 92 ಕೋಟಿ ಎಂಬುದು ಅವರಿಗೆ ಲೆಕ್ಕಕ್ಕೆ ಸಿಗಲಿಲ್ಲ. ‘ಸಾವಿರಕ್ಕೆ ಎಷ್ಟು ಬಿತ್ತು ಅದು?’ ಎಂದು ಕೇಳಿದರು. ಆಮೇಲೆ ಟ್ರಂಕಿನಿಂದ ಪಿಂಚಣಿ ಕಾಗದ ತೆಗೆದು, ನವೆಂಬರ್ ಬಂತು, ಬದುಕಿದ್ದೇನೆ ಅಂತ ಬರೆದುಕೊಡಬೇಕಂತೆ, ಬ್ಯಾಂಕಿಗೆ ಜೊತೆಗೆ ಬಾ ಎಂದರು.